ಸನ್ಮಾನದ ಕುರ್ಚಿ

ಶಾಲು ಹೆಗಲಿಗೆ ಬೀಳುವ ಮೊದಲೇ ಪ್ರೀತಿಕಾ ಸನ್ಮಾನದ ಕುರ್ಚಿಯಿಂದ ಎದ್ದು ನಿಂತಳು. ಊರಿನ ದೊಡ್ಡ ತೋಟದ ಧಣಿ ಉದಯಶಂಕರರ ಎರಡೂ ಕೈಗಳು ಶಾಲಿನ ಸಮೇತ ಗಾಳಿಯಲ್ಲೇ ಉಳಿದವು.

“ಕೂತುಕೋ ಮಗಾ, ಫೋಟೋ ತೆಗೀಲಿಕ್ಕುಂಟು,” ಎಂದು ಅವರು ನಕ್ಕರು. “ಕಾಲನಿಯ ಮೊದಲ ಡಾಕ್ಟರಮ್ಮ! ಮೆಡಿಕಲ್ ಸೀಟು ಸಿಕ್ಕುದು ಅಂದ್ರೆ ಎಂತ ಸಣ್ಣ ಸಂಗತಿಯಾ?”

“ಆ ಸೀಟು ಬಿಟ್ಟೆ. ನಾನು ಓದುದು ಐದು ವರ್ಷದ ಲಾ.”

ಸಭೆ ಗುಜುಗುಟ್ಟಿತು. ಮುಂದಿನ ಸಾಲಿನಲ್ಲಿದ್ದ ಅಪ್ಪ ಎದ್ದೇಬಿಟ್ಟ. “ನಿಂಗೆ ಮರ್ಲಾ, ತಲೆ ಕೆಟ್ಟಿದಾ? ಅಜ್ಜಿ ಸತ್ತ ದಿನ ಡಾಕ್ಟರ್ ಆಗ್ತೇನೆ ಅಂತ ಅತ್ತದ್ದು ನೀನೇ ಅಲ್ವಾ?”

ಪ್ರೀತಿಕಾ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ಕೆಂಪು ಪ್ಲಾಸ್ಟಿಕ್ ಕುರ್ಚಿ. ಇಂಥದ್ದರಲ್ಲೇ ಚೆನ್ನು ಅಜ್ಜಿಯನ್ನು ಕೂರಿಸಿ ಅಪ್ಪನೂ ಅವಳೂ ಗುಡ್ಡ ಸುತ್ತಿ ಹೊತ್ತಿದ್ದರು. ಕಾಲನಿಯ ದಾರಿಗೆ ಧಣಿ ಹಾಕಿಸಿದ ಗೇಟಿಗೆ ಬೀಗ ಬಿದ್ದಿತ್ತು. ಅದರ ಆಚೆ ಆಂಬುಲೆನ್ಸ್ ಸುಮ್ಮನೆ ನಿಂತಿತ್ತು. ಅರ್ಧ ದಾರಿಯಲ್ಲಿ ಅಜ್ಜಿಯ ತಲೆ ವಾಲಿತು. ಗೇಟು ಇವತ್ತಿಗೂ ಇದೆ.

“ಅಪ್ಪ, ಅವತ್ತು ಕಡಬದ ಆಸ್ಪತ್ರೆಯಲ್ಲಿ ಡಾಕ್ಟರು ಕಾದು ಕೂತಿದ್ರು. ಇಲ್ಲದ್ದು ದಾರಿ.”

“ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ?” ಧಣಿಯ ನಗು ಆರಿತು.

ಅವಳು ಕುರ್ಚಿಯ ಒಂದು ಕೈ ಹಿಡಿದು ಎತ್ತಿದಳು. ಅಪ್ಪ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ವೇದಿಕೆ ಹತ್ತಿ ಬಂದು, ಅಂದಿನ ಹಾಗೆಯೇ, ಇನ್ನೊಂದು ಕೈ ಹಿಡಿದ. ಇಬ್ಬರೂ ಸೇರಿ ಅದನ್ನು ಧಣಿಯ ಮುಂದೆ ಇಟ್ಟರು.

“ಕೂತುಕೊಳ್ಳಿ ಉದಯಣ್ಣ,” ಎಂದಳು ಪ್ರೀತಿಕಾ. “ಐದು ವರ್ಷ ಕಾಯ್ಲಿಕ್ಕುಂಟು ನಿಮಗೆ.”