ಬಾಳವ್ವನ ಹಲ್ಲು, ಸತ್ಯಪ್ಪನ ಔಷಧಿ

ಇದನ್ನು ಓದಿ ಅಳಲೇಬೇಕು ಅಂತೇನಿಲ್ಲ... ಅರ್ಧಕ್ಕೆ ಬಿಡದೆ ಓದಿದರೆ ಸಾಕು.

ಚಿಕ್ಕೋಡಿ ಕಡೆ ನನ್ನ ಪರಿಚಯದ ಹಲ್ಲಿನ ಡಾಕ್ಟರ್ ಒಬ್ಬರಿದ್ದಾರೆ, ವಿನುತಾ ಕಾಮತ್. ಹುಟ್ಟೂರು ಕುಂದಾಪುರ. ಚಿಕ್ಕೋಡಿಗೆ ಬಂದು ಆಗಿನ್ನೂ ವರ್ಷವಾಗಿರಲಿಲ್ಲ.

ಒಂದು ದಿನ ಅವರ ಕ್ಲಿನಿಕ್‌ಗೆ ಅರವತ್ತು ದಾಟಿದ ಗಂಡ ಹೆಂಡತಿ ಬಂದರು. ಗಂಡ ಸತ್ಯಪ್ಪ, ಊರೂರು ತಿರುಗಿ ಅಂಚೆ ಹಂಚಿ ರಿಟೈರ್ ಆದವರು. ಹೆಂಡತಿ ಬಾಳವ್ವ.

ಬಾಳವ್ವನಿಗೆ ಮೇಲಿನ ಸಾಲಿನಲ್ಲಿ ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಇಂಪ್ಲಾಂಟ್, ಅಂದರೆ ದವಡೆಗೆ ಸ್ಕ್ರೂ ಕೂರಿಸಿ ಹಾಕುವ ಹಲ್ಲು, ಬೇಕಿತ್ತು... ಅದೂ ತಿಂಗಳೊಳಗೆ.

"ಮೊಮ್ಮಗಳ ಲಗ್ನ ಐತ್ರಿ ಬಾಯಾರ. ನಾ ಒಡಪು ಹೇಳಬೇಕು," ಎಂದು ಬಾಳವ್ವ ಡಾಕ್ಟರಿಗೆ ಅಂದರು.

ಒಡಪು ಆ ಕಡೆಯ ಪದ್ಧತಿ. ಹೆಂಗಸರು ಗಂಡನ ಹೆಸರನ್ನು ಬಾಯಿಗೆ ತರುವುದಿಲ್ಲ. ಶುಭಕಾರ್ಯದ ದಿನ ಮಾತ್ರ, ಪ್ರಾಸ ಕಟ್ಟಿ, ಎಲ್ಲರೆದುರು ಹೇಳುತ್ತಾರೆ.

ಬಾಳವ್ವನ ಒಡಪು ಕೇಳಲು ಜನ ಕಾದು ಕೂರುತ್ತಿದ್ದರಂತೆ. ಹೋದ ವರ್ಷ ಒಂದು ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, 'ಸತ್ಯಪ್ಪ' ಅನ್ನಲು ಹೋಗಿ 'ಹತ್ಯಪ್ಪ' ಅಂದುಬಿಟ್ಟರು... ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು.

ಅಂದಿನಿಂದ ಅವರು ಬಾಯಿಗೆ ಸೆರಗು ಹಿಡಿದೇ ಮಾತಾಡುವುದು. ತೆಗೆದು ಹಾಕುವ ಹಲ್ಲಿನ ಸೆಟ್ಟೂ ಮಾಡಿಸಿ ಆಗಿತ್ತು. ಒಮ್ಮೆ ಸೀನಿದಾಗ ಅದು ರೊಟ್ಟಿ ಹಿಟ್ಟಿನ ಪರಾತಕ್ಕೆ ಬಿದ್ದು, ಆಮೇಲೆ ಪೆಟ್ಟಿಗೆ ಸೇರಿತು.

ಡಾಕ್ಟರ್ ಸ್ಕ್ಯಾನ್ ಮಾಡಿಸಿದರು. ಮೂಳೆ ಗಟ್ಟಿಯಿತ್ತು. ಶುಗರ್ ಇರಲಿಲ್ಲ, ಬಿ.ಪಿ. ಇರಲಿಲ್ಲ.

"ಬೀಡಿ, ತಂಬಾಕು, ಗುಟ್ಕಾ ಏನಾದ್ರೂ ಉಂಟಾ?"

"ಶಿವ ಶಿವಾ... ನಮ್ಮ ಮನ್ಯಾಗ ಯಾರೂ ತಂಬಾಕ ಮುಟ್ಟಂಗಿಲ್ರಿ."

ಫಾರ್ಮಿನಲ್ಲಿ 'ಇಲ್ಲ' ಅಂತ ಟಿಕ್ ಬಿತ್ತು. ಸ್ಕ್ರೂ ಕೂರಿಸಿದ ದಿನವೇ ಮೇಲೆ ತಾತ್ಕಾಲಿಕ ಹಲ್ಲು ಹಾಕಬಹುದು ಎಂದು ಡಾಕ್ಟರ್ ತೀರ್ಮಾನಿಸಿದರು. ದಿನ ನಿಗದಿಯಾಯಿತು.

ಆ ದಿನ ಬಾಳವ್ವ ಕುರ್ಚಿಯ ಮೇಲೆ ಮಲಗಿದರು. ಡಾಕ್ಟರ್ ಗ್ಲೌಸ್ ಹಾಕಿಕೊಳ್ಳುತ್ತಾ ಮಾತಿಗೆ ಕೇಳಿದರು, "ಬೆಳಿಗ್ಗೆ ಹಲ್ಲು ಉಜ್ಜಿದ್ರಲ್ಲ?"

"ಹೂಂ ರಿ. ಮಿಸ್ರಿ ಹಚ್ಚೇನಿ."

ಡಾಕ್ಟರ್ ಆ ಹೆಸರನ್ನೇ ಕೇಳಿರಲಿಲ್ಲ. "ಅದು ಯಾವ ಪೇಸ್ಟು?"

ಬಾಳವ್ವ ನಕ್ಕು, ಸೊಂಟದ ಚೀಲದಿಂದ ಸಣ್ಣ ಡಬ್ಬಿ ತೆಗೆದು ಕೊಟ್ಟರು. ಒಳಗೆ ಕರ್ರಗಿನ ಪುಡಿ. ಡಾಕ್ಟರ್ ಮೂಸಿ ನೋಡಿದರು...

ತಂಬಾಕು. ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ತಂಬಾಕು.

"ಅಮ್ಮಾ, ತಂಬಾಕು ಇಲ್ಲ ಅಂದ್ರಲ್ಲ?"

"ತಂಬಾಕ ಅಂದ್ರ ತಿನ್ನೂದ್ರಿ, ಸೇದೂದ್ರಿ. ಇದು ಹಲ್ಲಿನ ಔಷಧಿ. ಲಗ್ನಾದ ವರ್ಷ ನನ್ನ ಹಲ್ಲು ನೋಯ್ತಿದ್ದುವು. ಆವಾಗಿಂದ ನಮ್ಮ ಮನಿಯವ್ರ ಪ್ರತಿ ಐತವಾರ ಹುರದು ಕೊಡತಾರ. ನಲವತ್ತೆರಡು ವರ್ಷ ಆತು."

ಡಾಕ್ಟರ್ ಬಾಳವ್ವನ ಕೆಳತುಟಿ ಮಡಚಿ ಲೈಟು ಬಿಟ್ಟರು. ಒಸಡಿನ ಮೇಲೆ ಬೆರಳ ತುದಿಯಷ್ಟು ಬಿಳಿ ಕಲೆಯಿತ್ತು. ಮೊದಲ ಸಲ ಅವರು ಮೇಲಿನ ದವಡೆಯನ್ನಷ್ಟೇ ಚೆನ್ನಾಗಿ ನೋಡಿದ್ದರು. ಅದು ಅವರ ತಪ್ಪು, ಅದನ್ನು ಅವರೇ ನನಗೆ ಹೇಳಿದರು.

ಗ್ಲೌಸ್ ಬಿಚ್ಚಿಟ್ಟರು. "ಈಗ ಹಾಕೋದು ಬೇಡ ಅಮ್ಮ. ಮೊದಲು ಈ ಪುಡಿ ಬಿಡಬೇಕು. ಆ ಕಲೆ ಏನು ಅಂತ ಟೆಸ್ಟ್ ಮಾಡಿಸ್ಬೇಕು. ಇದನ್ನು ಹಚ್ತಾ ಇದ್ರೆ ಹೊಸ ಹಲ್ಲೂ ನಿಲ್ಲೋದಿಲ್ಲ."

"ಲಗ್ನ ಮುಗಿಲಿ, ಬಿಡತೀನ್ರಿ," ಎಂದು ಬಾಳವ್ವ ಅಂಗಲಾಚಿದರು.

ಡಾಕ್ಟರ್ ಒಪ್ಪಲಿಲ್ಲ.

ಮೂಲೆಯ ಸ್ಟೂಲಿನ ಮೇಲಿದ್ದ ಸತ್ಯಪ್ಪ ಎದ್ದು ಬಂದು ಮೆಲ್ಲಗೆ ಕೇಳಿದರು, "ಬಾಯಾರ... ಹಂಗಾರ ಆಕಿ ಹಲ್ಲ ನಾನ ಕೆಡಿಸೇನೇನ್ರಿ?"

ಡಾಕ್ಟರ್ ಟೆಸ್ಟಿನ ಚೀಟಿ ಬರೆದು ಅವರ ಕೈಗೆ ಕೊಟ್ಟರು.

ಟೆಸ್ಟ್ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟಿದ್ದರೆ ಆಗಬಹುದಿತ್ತು. ಬಾಳವ್ವ ಮಿಸ್ರಿ ಬಿಟ್ಟರು. ವಾರವಿಡೀ ತಲೆ ಸುತ್ತಿತಂತೆ, ಮನೆಯವರ ಮೇಲೆಲ್ಲಾ ಹರಿಹಾಯ್ದರಂತೆ. ಆದರೂ ಮತ್ತೆ ಮುಟ್ಟಲಿಲ್ಲ.

ಮದುವೆಗೆ ಡಾಕ್ಟರ್‌ಗೂ ಕರೆ ಬಂದಿತ್ತು. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಹೆಂಗಸರು ಬಾಳವ್ವನ ಸುತ್ತ ನೆರೆದರು. "ಒಡಪು... ಒಡಪು..."

ಬಾಳವ್ವ ತಲೆ ತಗ್ಗಿಸಿ ಕೂತುಬಿಟ್ಟರು. ಕೆಲವರು ಆಗಲೇ ಮುಸಿಮುಸಿ ನಗುತ್ತಿದ್ದರು.

ಆಗ ಗಂಡಸರ ಸಾಲಿನಿಂದ ಸತ್ಯಪ್ಪ ಎದ್ದು ಬಂದರು. ಆ ವಯಸ್ಸಿನ ಗಂಡಸು ಹೆಂಡತಿಯ ಹೆಸರಿನಲ್ಲಿ ಒಡಪು ಹೇಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಕೈಮುಗಿದು ಹೇಳಿದರು...

"ಹಂಚಿನ ಮ್ಯಾಲ ಹುರದೇನಿ, ಹಲ್ಲಿಗಿ ಔಷಧಿ ಅಂತ ತಿಳದೇನಿ...
ಬಾಳವ್ವನ ಹೆಸರ ಹೇಳಿ, ನನ್ನ ತಪ್ಪ ಎಲ್ಲಾರ ಮುಂದ ಒಪ್ಪೇನಿ."

ನಗು ನಿಂತಿತು. ಸತ್ಯಪ್ಪನ ಗಲ್ಲ ಒದ್ದೆಯಾಗಿತ್ತು.

ಬಾಳವ್ವ ಗಂಡನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನಿಮ್ಮೊಬ್ಬರ ತಪ್ಪಲ್ರಿ," ಅಂದರು.

"ಹಲ್ಲು ನೋಯೂದು ಮೊದಲನೇ ತಿಂಗಳಾಗ ನಿಂತಿತ್ತು. ನೀವು ಅಷ್ಟು ಅಕ್ಕರಾಸ್ತಿಯಿಂದ ಹುರದು ಕೊಡತಿದ್ರಿ... ಬ್ಯಾಡ ಅನ್ನಾಕ ನನಗ ಮನಸ ಬರಲಿಲ್ಲ."

ನಲವತ್ತೆರಡು ವರ್ಷ, ನೋವಿದೆಯೇ ಎಂದು ಅವರು ಕೇಳಲಿಲ್ಲ. ಇಲ್ಲ ಎಂದು ಇವರು ಹೇಳಲಿಲ್ಲ.

ಶ್ರಾವಣದ ಹೊತ್ತಿಗೆ ಕಲೆ ಹೋಯಿತು. ಈ ಸಲ ಡಾಕ್ಟರ್ ಇಡೀ ಬಾಯಿ ನೋಡಿ, 'ಈಗ ಹಲ್ಲು ಹಾಕಬಹುದು' ಅಂದರು.

*ಪ್ರೀತಿಯಿಂದ ಕೊಟ್ಟದ್ದೆಲ್ಲ ಔಷಧಿಯಲ್ಲ... ಕೊಡುವವರು ಕೇಳಬೇಕು, ತಗೊಳ್ಳುವವರು ಹೇಳಬೇಕು.*

ನಿಮ್ಮ ಮನೆಯಲ್ಲಿ, ಬೇಡ ಅನ್ನಲಾರದೆ ಯಾರೋ ದಿನಾ ತಗೊಳ್ಳುತ್ತಿರುವುದು ಏನಾದರೂ ಇದೆಯೇ?