ನಾಲ್ಕು ಸ್ಕ್ರೂ

ಸ್ಕ್ರೂಡ್ರೈವರ್ ಮೂರನೇ ಸಲ ಜಾರಿದಾಗ ಅಕ್ಕ ನಕ್ಕಳು. ತಮ್ಮನ ಕಂಪನಿಯ ಕೆಟಲ್‌ಗಳು ಗುಜರಿ ಶೆಡ್ಡಿಗೆ ಬಂದ ಮೊದಲ ದಿನವೇ ಅವನನ್ನು ಕರೆಸಿಕೊಂಡಿದ್ದಳು. ಜೊತೆಯ ಹೆಂಗಸರಿಗೆ ಕೆಮ್ಮುತ್ತಲೇ ಹೇಳಿದಳು: "ನನ್ನ ತಮ್ಮನೇ ಮಾಡಿದ ಡಿಸೈನ್ ಕಣ್ರೇ. ಇನ್ಮೇಲೆ ಅಂಟು ಸುಡೋ ಕಾಟ ಇಲ್ಲ, ಹೊಗೆ ಕುಡಿಯೋ ಕಾಟ ಇಲ್ಲ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ತಾಮ್ರ ಒಂದ್ಕಡೆ, ಪ್ಲಾಸ್ಟಿಕ್ ಒಂದ್ಕಡೆ!"

ತಮ್ಮನ ಕೈ ಜೇಬಿಗಿಳಿಯಿತು. ಅಂಟಿನ ಬದಲು ಸ್ಕ್ರೂ ಇರಲೆಂದು ಅವನು ನಕ್ಷೆ ಬರೆದದ್ದೇನೋ ನಿಜ. ಅದೂ ಈ ಕೆಮ್ಮು ಕೇಳಲಾರದೆ. ಆದರೆ ಸ್ಕ್ರೂ ತಿರುಗಿಸುತ್ತ ಕೂತರೆ ಕೆಲಸ ಸಾಗಲ್ಲ ಎಂದು ಕಾರ್ಖಾನೆಯವರು ಗೊಣಗಿದರು. 'ಬಿಚ್ಚಿ ಮರುಬಳಸಬಹುದು' ಎಂಬ ಹಸಿರು ಚೀಟಿ ಮಾತ್ರ ಗಿರಾಕಿಗಳಿಗೆ ಹಿಡಿಸಿಬಿಟ್ಟಿತ್ತು. ಹಾಗಾಗಿ ಚೀಟಿ ಉಳಿಯಿತು, ಒಳಗೆ ಅಂಟೇ ಬಂತು. ತಳದಲ್ಲಿ ಸ್ಕ್ರೂವಿನ ತಲೆಯಂತೆ ಕಾಣುವ ನಾಲ್ಕು ಉಬ್ಬುಗಳನ್ನು ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹಾಕಿ ಬೆಳ್ಳಿ ಬಣ್ಣ ಬಳಿದರು. ಅದಕ್ಕೆ ಕಮಕ್ ಕಿಮಕ್ ಎನ್ನದೆ ಸಹಿ ಹಾಕಿದವನು ಇವನೇ.

"ನೀನೇ ಒಂದ್ಸಲ ತೋರಿಸ್ಕೊಡೋ," ಎಂದು ಅಕ್ಕ ಸ್ಕ್ರೂಡ್ರೈವರ್ ಚಾಚಿದಳು. ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಅವನು ಜೇಬಿನಿಂದ ಕೈ ತೆಗೆಯಲಿಲ್ಲ.

"ಅದಕ್ಕೊಂದು ಹದ ಇದೆ ಅಕ್ಕ. ಸುಟ್ಟು ಸುಟ್ಟು ನಿನ್ನ ಕೈ ಜಡ್ಡುಗಟ್ಟಿದೆ. ನಿನ್ನಿಂದಾಗಲ್ಲ ಬಿಡು."

ಯಾರೋ ಕಿಸಕ್ಕನೆ ನಕ್ಕರು. ಅಕ್ಕ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹೌದು ಕಣೋ, ನನ್ನ ಕೈಯೇ ಸರಿಯಿಲ್ಲ," ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಲೆ ಹಚ್ಚಿದಳು.