ಪಾತ್ರೆಯ ಎತ್ತರ

ಗುರಮ್ಮ ಪಾತ್ರೆಯನ್ನು ಹಿಡಿಯಲಿಲ್ಲ. ಮಂಡಿಯೂರಿ ಕುಳಿತವಳು ಕತ್ತು ಬಗ್ಗಿಸಿ, ಎರಡೂ ಕೈ ಜೋಡಿಸಿ, ಬಾಯಿಯ ಹತ್ತಿರ ಬೊಗಸೆ ಒಡ್ಡಿದಳು. ಕಣ್ಣು ಮುಚ್ಚಿಕೊಂಡು, ಮೇಲಿನಿಂದ ರಸ ಬೀಳುವುದನ್ನು ಕಾಯುತ್ತ ಕುಳಿತಳು.

ಡಾಬಕಾದ ಪ್ರಾರ್ಥನೆಯ ಮನೆಯಲ್ಲಿ ಅಂದು ಮೊದಲ ಪ್ರಭುಭೋಜನ, ಕರ್ತನ ನೆನಪಿಗೆ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಿರಸ ಕುಡಿಯುವ ಆಚರಣೆ. ಆರಾಧನೆ ನಡೆಸಲು ವೈಜಿನಾಥ ಪಾದ್ರಿಗಳು ಬೀದರದಿಂದ ಕುದುರೆಯ ಮೇಲೆ ಬಂದಿದ್ದರು. ಬರುವಾಗ ಅಲ್ಲಿಯ ಅಬ್ದುಲ ವಾಹೀದನ ಅಂಗಡಿಯಿಂದ ಒಣದ್ರಾಕ್ಷಿ ತಂದು, ತಾವೇ ನೆನೆಸಿ, ಹಿಂಡಿ ರಸ ತೆಗೆದಿದ್ದರು. ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು, ಯಾವ ಮಾತಿಗೆ ಆಮೆನ್ ಅನ್ನಬೇಕು ಎಂದು ಕೇರಿಯ ಜನಕ್ಕೆ ತಿಂಗಳುಗಟ್ಟಲೆ ಕಲಿಸಿದ್ದರು. ಪಾತ್ರೆ ಹಿಡಿದು ಕುಡಿಯುವುದನ್ನು ಮಾತ್ರ ಕಲಿಸಿರಲಿಲ್ಲ. ಕುಡಿಯುವುದನ್ನೂ ಯಾರಿಗಾದರೂ ಕಲಿಸಬೇಕೇ? ಭಾಲ್ಕಿಯಲ್ಲಿ ಸ್ವಂತ ಬಾವಿಯಿದ್ದ ದೊಡ್ಡ ಮನೆಯಲ್ಲಿ ಹುಟ್ಟಿ, ಆಮೇಲೆ ಕ್ರೈಸ್ತರಾದವರು ಅವರು. ಅಂಥವರಿಗೆ ಇದು ಹೊಳೆಯದೇ ಹೋದದ್ದು ಆಶ್ಚರ್ಯವೇನಲ್ಲ.

ಗುರಮ್ಮನಿಗಾದರೋ ಅರವತ್ತು ದಾಟಿತ್ತು. ಅಷ್ಟೂ ವರ್ಷ ಊರ ಬಾವಿಯ ಕಟ್ಟೆಯ ಕೆಳಗೆ ನಿಂತು, ಪುಣ್ಯಾತ್ಮರು ಯಾರಾದರೂ ಕೊಡ ಬಗ್ಗಿಸಲಿ ಎಂದು ಹೀಗೇ ಬೊಗಸೆ ಒಡ್ಡಿದವಳು. ಕೇರಿಯಲ್ಲಿ ಎಲ್ಲರಿಗಿಂತ ಮೊದಲು ದೀಕ್ಷಾಸ್ನಾನ ಪಡೆದವಳು ಎಂದು ಇವತ್ತು ಅವಳನ್ನು ಸಾಲಿನ ಮೊದಲಲ್ಲಿ ಕೂರಿಸಿದ್ದರು.

"ಗುರಮ್ಮ, ಪಾತ್ರಿ ಕೈಯಾಗ ತಗೋ," ಎಂದರು ಪಾದ್ರಿಗಳು ಮೆಲ್ಲಗೆ.

"ಬ್ಯಾಡ್ರಿ ಅಪ್ಪಾರ. ಮೈಲಿಗಿ ಆಗ್ತದ. ಹಿಂದ ಇನ್ನಾ ಮಂದಿ ಕುಡಿಯೋರಿದ್ದಾರ. ನೀವು ಮ್ಯಾಲಿಂದ ಹಾಕ್ರಿ."

"ಇಲ್ಲಿ ಮೈಲಿಗಿ ಅನ್ನೂದೇ ಇಲ್ಲ ಅಂತ ಎಷ್ಟು ಸಲ ಹೇಳೀನಿ?"

"ಹೇಳೀರಿ. ನೀವು ಹೇಳಿದ್ದು ಖರೇನೇ ಅದ," ಎಂದಳು ಗುರಮ್ಮ ಕಣ್ಣು ತೆರೆಯದೆಯೇ. "ಆದ್ರ ಕೈ ಕೇಳವಲ್ದುರಿ."

ಪಕ್ಕದಲ್ಲಿದ್ದ ಅವಳ ಮಗ ಬಕ್ಕಪ್ಪ ತಗ್ಗಿದ ದನಿಯಲ್ಲಿ, "ಹಾಕಿಬಿಡ್ರಿ ಪಾದ್ರಿಯವರ, ನಮ್ಮವ್ವ ಹಟದಾಕಿ ಇದ್ದಾಳ. ಹ್ಯಾಂಗ ಕುಡುದ್ರೇನ್ರಿ, ಹೊಟ್ಟಿಗಿ ಹೋದ್ರ ಆಯ್ತು," ಎಂದ. ಹಾಗೆನ್ನುತ್ತ ತಾನೂ ಕೈ ಜೋಡಿಸಿ ಒಡ್ಡಿದ. ಅವನನ್ನು ನೋಡಿ ಅವನ ಪಕ್ಕದವನು, ಅವನಾಚೆಯವಳು. ಕಣ್ಣುಮುಚ್ಚಿ ತೆರೆಯುವುದರಲ್ಲಿ ಸಾಲಿಗೆ ಸಾಲೇ ಬೊಗಸೆ ಒಡ್ಡಿ ಕುಳಿತಿತ್ತು.

ಪಾದ್ರಿಗಳಿಗೆ ದಿಕ್ಕು ತೋಚಲಿಲ್ಲ. ಮೇಲಿನಿಂದ ಹಾಕಿದರೆ ಇಷ್ಟು ದಿನ ಬೋಧಿಸಿದ್ದೆಲ್ಲ ನೀರುಪಾಲು. ಈ ದೇವರ ಮನೆಯೂ ಊರಿಗೆ ಇನ್ನೊಂದು ಬಾವಿಕಟ್ಟೆ. ಗದರಿದರೆ ಮುದುಕಿ ಎದ್ದು ಹೋಗುತ್ತಾಳೆ. ಇಷ್ಟು ಧೈರ್ಯ ಮಾಡಿ ಮುಂದೆ ಬಂದವಳು ಇನ್ನೊಮ್ಮೆ ಬರುವುದಿಲ್ಲ. ದೇವರೇ, ಎಂದುಕೊಂಡು ಕೈಯಲ್ಲಿದ್ದ ಪಾತ್ರೆಯ ಕಡೆ ನೋಡಿದರು.

ಪಾತ್ರೆ ಹಿಡಿದ ಕೈ ಅವರಿಗೆ ಗೊತ್ತಿಲ್ಲದಂತೆ ಆಗಲೇ ಮೇಲೇರಿ, ಗುರಮ್ಮನ ಬೊಗಸೆಯಿಂದ ಮೊಳದಷ್ಟು ಎತ್ತರದಲ್ಲಿ ನಿಂತಿತ್ತು. ಹನಿ ಸಿಡಿದರೂ ತಮಗೆ ತಾಗದಷ್ಟು ಎತ್ತರ. ಚಿಕ್ಕಂದಿನಲ್ಲಿ ಭಾಲ್ಕಿಯ ಬಾವಿಕಟ್ಟೆಯ ಮೇಲೆ ನಿಲ್ಲಿಸಿ, ಕೇರಿಯವರಿಗೆ ನೀರು ಹಾಕುವುದು ಹೇಗೆಂದು ಅಜ್ಜಿ ಹೇಳಿಕೊಟ್ಟ ಎತ್ತರ. ಅವರು ಅದನ್ನು ಎಂದೋ ಮರೆತಿದ್ದರು. ಇಂದು ಬೆಳಗ್ಗೆ ಯಾರಾದರೂ ಕೇಳಿದ್ದರೆ, ನನ್ನಲ್ಲಿ ಜಾತಿ ಎಳ್ಳಷ್ಟೂ ಉಳಿದಿಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದರು.

ಪಾದ್ರಿಗಳು ಕೈ ಇಳಿಸಿದರು. ಗುರಮ್ಮನ ಎದುರಿಗೆ ಸೆಗಣಿ ಸಾರಿಸಿದ ನೆಲದ ಮೇಲೆ ಮಂಡಿಯೂರಿದರು. ಪಾತ್ರೆಯನ್ನು ಅವಳ ಬೊಗಸೆಯೊಳಗೇ ಇಟ್ಟರು.

ತಣ್ಣನೆಯ ಲೋಹ ತಾಗಿ ಗುರಮ್ಮ ಬೆಚ್ಚಿ ಕಣ್ಣು ತೆರೆದಳು. ಬಿಡುವಂತಿಲ್ಲ, ಬಿಟ್ಟರೆ ಕರ್ತನ ಪಾತ್ರೆ ನೆಲಕ್ಕೆ ಬೀಳುತ್ತದೆ. "ಅಯ್ಯ, ಇದೇನ್ರಿ ಅಪ್ಪಾರ!" ಎನ್ನುತ್ತ ಗಟ್ಟಿಯಾಗಿ ಹಿಡಿದುಕೊಂಡಳು.

ಪಾದ್ರಿಗಳು ತಮ್ಮ ಎರಡೂ ಕೈ ಜೋಡಿಸಿ ಅದರ ಕೆಳಗೆ ಒಡ್ಡಿದರು.

"ಅವ್ವಾ, ಮೊದಲ ನನಗ ಹಾಕ್ರಿ."

ದೊಡ್ಡ ಮನೆಯವರ ಬೊಗಸೆ ಹೇಗಿರುತ್ತದೆಂದು ಡಾಬಕಾದ ಕೇರಿ ಅಲ್ಲಿಯವರೆಗೆ ಕಂಡಿರಲಿಲ್ಲ. ಬಕ್ಕಪ್ಪನಿಗೆ ಭಯವಾಯಿತು. ಇಷ್ಟು ದಿನ ಹಾಡಿ ಕರೆದ ದೇವರು ನಿಜವಾಗಿಯೂ ಬಂದು, ಕೈಗೆಟಕುವಷ್ಟು ಹತ್ತಿರ ಕುಳಿತರೆ ಆಗುವಂಥ ಭಯ.

ಪಾದ್ರಿಗಳು ಒಡ್ಡಿದ ಆ ಕೈಗಳನ್ನು ಗುರಮ್ಮ ಬಹಳ ಹೊತ್ತು ನೋಡಿದಳು.

"ಜರಾ ತೆಳಗ ಬಗ್ಗರಿ ಅಪ್ಪಾರ," ಎಂದಳು ಕೊನೆಗೆ. "ಹಾಕಿ ನನಗ ರೂಢಿ ಇಲ್ಲ."

ಪಾದ್ರಿಗಳು ಇನ್ನಷ್ಟು ಬಗ್ಗಿದರು. ರಸ ಬೊಗಸೆಗೆ ಬಿದ್ದು, ಬಿಳಿ ಅಂಗಿಯ ತೋಳಿಗೂ ಇಳಿಯಿತು. ಅವರು ಕುಡಿದರು. ಗುರಮ್ಮ ಇನ್ನು ತನಗೆ ಹಾಕುವವರು ಯಾರೆಂದು ಒಮ್ಮೆ ಮೇಲೆ ನೋಡಿದಳು. ಮೇಲೆ ಯಾರೂ ಇರಲಿಲ್ಲ. ಪಾತ್ರೆಯನ್ನು ತಾನೇ ಎತ್ತಿ, ಅಂಚಿಗೆ ತುಟಿ ಹಚ್ಚಿ ಕುಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಅದನ್ನು ಮಗನ ಮುಂದೆ ಹಿಡಿದಳು.

ತೆಗೆದುಕೊಳ್ಳಬೇಕೆಂದರೆ ಬಕ್ಕಪ್ಪ ಬೊಗಸೆ ಬಿಡಿಸಲೇಬೇಕಾಯಿತು.